ದಪ್ಪ ತಂತಿಯ ದನಿ

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಪ್ರೇಮನಾಥ ಶೆಟ್ಟರು ತಳ್ಳಿದರು, ತೆರೆಯಿತು. ಒಳಗೆ ಫ್ಯಾನ್ ತಿರುಗುತ್ತಿತ್ತು. ಬಾಸ್ ಗಿಟಾರು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಅದನ್ನು ಬಾರಿಸುವ ಹುಡುಗ ಸಮಿತ್ ನೆಲದ ಮೇಲೆ ಕವುಚಿ ಬಿದ್ದಿದ್ದ — ಕುತ್ತಿಗೆಗೆ ಕಪ್ಪು ಕೇಬಲ್ ಸುತ್ತಿತ್ತು.

ಅದು ೨೦೧೧ರ ಗಣೇಶೋತ್ಸವ ಮುಗಿದ ವಾರ. ಠಾಣೆ ಶಹರದ ವರ್ತಕ ನಗರದಲ್ಲಿ ಶೆಟ್ಟರ ಹೋಟೆಲು. ಮಾಳಿಗೆಯ ಕೋಣೆಯಲ್ಲಿ ಅವರದೇ ಆರ್ಕೆಸ್ಟ್ರಾದ ಪ್ರಾಕ್ಟೀಸು. ಕೇಬಲ್ ಯಾರದು? ಕೀಬೋರ್ಡ್ ನುಡಿಸುವ ರಿತೇಶನದು. ಹಿಂದಿನ ದಿನ ಸಮಿತನ ಕಾಲರ್ ಹಿಡಿದವನು ಯಾರು? ಅದೂ ರಿತೇಶನೇ. ಪೊಲೀಸರಿಗೆ ಇನ್ನೇನು ಬೇಕು? ಅವನನ್ನು ಒಳಗೆ ಹಾಕಿದರು.

ಕೆಲವು ದಿನಗಳ ಮೇಲೆ ರಿತೇಶನ ತಾಯಿ ಜಯಲತಾ ಕಾಮೋಠೆಯಿಂದ ನಮ್ಮ ಆಫೀಸಿಗೆ ಬಂದರು. ಆಫೀಸೆಂದರೆ ಠಾಣೆ ಸ್ಟೇಷನ್ನಿನ ಪಕ್ಕದ ಒಂದು ಕೋಣೆ, ಎರಡು ಮೇಜು, ಎರಡು ಸ್ಪೀಕರಿನ ಒಂದು ಹಳೇ ರೇಡಿಯೊ. ಪತ್ತೇದಾರಿಕೆ ವೇದಾವತಿ ಬಾಯಿಯವರದು. ಚಹಾ ಹೇಳುವುದು, ಗೊಣಗುವುದು, ಕೊನೆಗೆ ನಡೆದದ್ದನ್ನು ನಿಮಗೆ ಹೇಳುವುದು ಈ ಬಾಗಿಯ, ಅಂದರೆ ನನ್ನ, ಪಾಲಿಗೆ ಬಂದ ಕೆಲಸ.

"ನನಗೆ ಇರುವುದು ಅವನೊಬ್ಬನೇ ಮೇಡಂ. ಕೋಳಿ ಕೊಯ್ಯುವುದನ್ನು ನೋಡಿದರೆ ಹೆದರುವ ಹುಡುಗ. ಅವ ಎಂತ ಕೊಲೆ ಮಾಡುವುದು?" ಜಯಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಜೊತೆಗೆ ಅವರ ಅಣ್ಣ ಕಮಲಾಕ್ಷ ಇದ್ದರು. ಒಂದು ಕಾಲದಲ್ಲಿ ಅದೇ ಆರ್ಕೆಸ್ಟ್ರಾದ ಬಾಸ್ ವಾದಕ. ಬೆರಳುಗಳ ಚುರುಕು ಹೋದ ಮೇಲೆ ಕಳವಾ ಎಂಬ ಊರಿನ ಒಂದು ಸಣ್ಣ ಖೋಲಿಯಲ್ಲಿ ವಾದ್ಯ ರಿಪೇರಿ ಮಾಡಿಕೊಂಡಿದ್ದರು. "ಅಳಿಯನನ್ನು ಬಿಡಿಸಿ ಕೊಡಿ. ನಿಮ್ಮ ಕಾಲಿಗೆ ಬೀಳುತ್ತೇನೆ" ಎಂದರು. ಮಾತು ಪ್ರಾಮಾಣಿಕವಾಗಿಯೇ ಇತ್ತು.

ಆದರೆ ಆಮೇಲೆ ಅವರು ಮಾಡಿದ್ದು ನೋಡಿ! ತಂಗಿ ಬಿಕ್ಕುತ್ತಿರುವಾಗ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೆಲ್ಲಗೆ ಹಾಡುತ್ತಿದ್ದ ನಮ್ಮ ರೇಡಿಯೊದ ಬೆನ್ನು ಬಿಚ್ಚಿ ಏನನ್ನೋ ತಿರುಗಿಸಿದರು.

"ಒಂದು ಕಡೆ ಸೌಂಡ್ ಕಮ್ಮಿ ಇತ್ತು" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬೆಂಕಿ ಬಿದ್ದಿದೆ, ಈ ಮನುಷ್ಯನಿಗೆ ರೇಡಿಯೊದ ಚಿಂತೆ. ಬಾಯಿ ಮಾತ್ರ ಚೀಲ ಎತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೊರಟರು.

ಪೊಲೀಸ್ ಠಾಣೆಯಲ್ಲಿ ರಿತೇಶ್ ಸೊರಗಿ ಹೋಗಿದ್ದ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ.

"ಜಗಳ ಯಾಕಾಯ್ತು?"

"ವೋ ಬಾಸ್ ಮಾಮಾ ಕಾ ಥಾ. ಮಾಮಾನೇ ಪ್ಯಾರ್ ಸೇ ದಿಯಾ ಥಾ ಉಸ್ಕೋ. ಔರ್ ಯೇ ದುಕಾನ್ ಮೇ ಎಕ್ಸ್‌ಚೇಂಜ್ ಕರ್ನೇವಾಲಾ ಥಾ, ನಯೇ ಕೇ ಲಿಯೇ!"

ಮಾವ ಕಮಲಾಕ್ಷರು ಪ್ರೀತಿಯಿಂದ ಕೊಟ್ಟ ಬಾಸನ್ನು ಅಂಗಡಿಗೆ ಕೊಟ್ಟು ಹೊಸದು ತರಲು ಹೊರಟಿದ್ದನಂತೆ ಸಮಿತ್.

"ಮಾವನಿಗೆ ಹೇಳಿದೆಯಾ?"

"ಹಾಂ. ಫೋನ್ ಕಿಯಾ ಥಾ."

ಇನ್‌ಸ್ಪೆಕ್ಟರ್ ನಕ್ಕು ಮರಾಠಿ ಬೆರೆಸಿ ಹೇಳಿದರು. "ಪಾಹಾ, ನೋಡಿ ಬಾಯಿ, ಜಗಳದ ಕಾರಣ ಅವನೇ ಹೇಳಿದ. ಕೇಸ್ ಪಕ್ಕಾ ಆಹೆ. ಜನ್ಮಠೇಪ್!"

ಜೀವಾವಧಿ ಎಂದು ಇಷ್ಟು ಸಲೀಸಾಗಿ ಹೇಳಬಹುದೆ? ಬಾಯಿ ಹೆಣದ ಫೋಟೊ ಕೇಳಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಬಾಗಿ, ಕುತ್ತಿಗೆಯ ಗುರುತು ನೋಡಿ."

ನೋಡಿದೆ. ಗಾಯದ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳು, ಸ್ಕ್ರೂವಿನ ಸುತ್ತುಗೆರೆಗಳಂತೆ ಒತ್ತೊತ್ತಾಗಿ.

"ಕೇಬಲ್ ಮ್ಯಾಲ ನುಣ್ಣನ ರಬ್ಬರ್ ಐತಲ್ರೀ ಬಾಯಾರ?" ಎಂದೆ.

"ಅದೇ. ಕೇಬಲನ್ನು ಆಮೇಲೆ ಸುತ್ತಿದ್ದು. ಕೊಂದದ್ದು ಬೇರೆ ವಸ್ತು."

ಪ್ರಾಕ್ಟೀಸ್ ಕೋಣೆಯಲ್ಲಿ ಶೆಟ್ಟರೂ ಗಿಟಾರ್ ನುಡಿಸುವ ವಿಕಾಸನೂ ಕಾಯುತ್ತಿದ್ದರು. ಬಾಸ್ ಇನ್ನೂ ಸ್ಟ್ಯಾಂಡಿನ ಮೇಲೆಯೇ ಇತ್ತು. ನಾಲ್ಕು ತಂತಿ, ಅಂಚಿನ ಒಂದು ಎಲ್ಲಕ್ಕಿಂತ ದಪ್ಪ. ಅದರ ಮೇಲೆ ಸುರುಳಿ ಸುರುಳಿಯಾಗಿ ಸುತ್ತಿದ ಲೋಹದ ಎಳೆ. ಬಾಯಿ ಹೆಬ್ಬೆರಳನ್ನು ಅದಕ್ಕೆ ಒತ್ತಿದರು. ಚರ್ಮದ ಮೇಲೆ ಅದೇ ಗೀರುಗಳು ಮೂಡಿದವು.

"ಆದ್ರ ನಾಲ್ಕೂ ತಂತಿ ಇಲ್ಲೇ ಅದಾವಲ್ರೀ?" ಎಂದೆ.

"ಇವೆ. ಮೂರು ಕಪ್ಪಾಗಿವೆ. ದಪ್ಪದ್ದು ಮಾತ್ರ ಹೊಳೆಯುತ್ತಿದೆ. ವಿಕಾಸ್, ಇದು ಹೊಸದೆ?"

ವಿಕಾಸ್ ಬಗ್ಗಿ ನೋಡಿದ. "ಅರೇ! ಅವನು ಸಾಯೋ ಹಿಂದಿನ ದಿನ ನಾಲ್ಕೂ ಹಳೇದೇ ಇತ್ತು ಆಂಟಿ. ಚೇಂಜ್ ಮಾಡೋ ಅಂತ ನಾನೇ ಬೈದಿದ್ದೆ."

"ಸಮಿತ್ ಬಳಿ ಹೊಸ ತಂತಿ ಇತ್ತೆ?"

"ಹಾಂ, ಬ್ಯಾಗಲ್ಲಿ ಸ್ಪೇರ್ ಸೆಟ್ ಇರ್ತಿತ್ತು."

"ಬಾರಿಸು."

ಅವನು ಬಾಸನ್ನು ಸ್ಪೀಕರಿಗೆ ಜೋಡಿಸಿ ಒಂದೊಂದೇ ತಂತಿ ಮೀಟಿದ. ನಾಲ್ಕೂ ಒಂದೇ ಸಮ. ವಿಕಾಸ್ ಮತ್ತೊಮ್ಮೆ ಮೀಟಿದ, ಹುಬ್ಬು ಗಂಟಿಕ್ಕಿತು. "ಹೀಗೆ ಬರಬಾರದು. ಮೂರು ಡೆಡ್ ತಂತಿ, ಒಂದು ಹೊಸದು. ಹೊಸದು ಜೋರಾಗಿ ಹೊಡೀಬೇಕು. ಇದು ಹೇಗೆ—"

"ಸಾಕು" ಎಂದು ಬಾಯಿ ತಡೆದರು.

ಅಲ್ಲಿಂದ ಕಳವಾ. ಕಮಲಾಕ್ಷರ ಖೋಲಿಯ ಗೋಡೆಯ ತುಂಬ ಮೊಳೆಗಳು, ಮೊಳೆಗಳ ಮೇಲೆ ಧೂಳು ಹಿಡಿದ ಹಳೇ ತಂತಿಗಳ ಸುರುಳಿಗಳು.

"ಒಂದನ್ನೂ ಬಿಸಾಡುವುದಿಲ್ವಾ?" ಬಾಯಿ ಕೇಳಿದರು.

"ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ. ಬಿಸಿನೀರಲ್ಲಿ ಕುದಿಸಿದರೆ ಪುನಃ ದನಿ ಬರ್ತದೆ."

"ಸಮಿತನ ಬಾಸನ್ನು ನೀವು ಕೊನೆಗೆ ಮುಟ್ಟಿದ್ದು?"

"ಚೌತಿಗಿಂತ ಮೊದಲು. ತಂತಿಗಳ ಅಡಿಯಲ್ಲಿ ಪಿಕಪ್ ಉಂಟಲ್ಲ, ಆ ಅಯಸ್ಕಾಂತದ ಪಟ್ಟಿ, ಅದನ್ನು ಮಟ್ಟಸ ಕೂರಿಸಿ ಕೊಟ್ಟೆ. ಮತ್ತೆ ನೋಡಲಿಲ್ಲ."

ಬಾಯಿ ಗೋಡೆಯನ್ನೇ ನೋಡುತ್ತಿದ್ದರು. ಅವರ ಮುಖ ಕಪ್ಪಿಟ್ಟಿತ್ತು.

ಮರುದಿನ ಎಲ್ಲರೂ ನಮ್ಮ ಆಫೀಸಿನಲ್ಲಿ ಸೇರಿದರು. ಇನ್‌ಸ್ಪೆಕ್ಟರ್, ಶೆಟ್ಟರು, ವಿಕಾಸ್, ಜಯಲತಾ, ಕಮಲಾಕ್ಷ. ಮೇಜಿನ ಮೇಲೆ ಬಾಸ್.

"ಸಮಿತನ ಕೊಲೆ ಆದದ್ದು ಈ ಬಾಸಿನ ಹಳೇ ದಪ್ಪ ತಂತಿಯಿಂದ" ಎಂದರು ಬಾಯಿ. "ಕೊಂದವನು ಆ ತಂತಿ ಒಯ್ದ. ಜಾಗ ಖಾಲಿ ಬಿಟ್ಟರೆ ಗೊತ್ತಾಗುತ್ತದೆ ಎಂದು ಸ್ಪೇರ್ ತಂತಿ ಹಾಕಿದ. ಕೈಗೆ ಸಿಕ್ಕ ಕೇಬಲನ್ನು ಹೆಣಕ್ಕೆ ಸುತ್ತಿದ. ಅಷ್ಟು ಮಾಡಿ ಓಡಿದ್ದರೆ ಅವನನ್ನು ಹಿಡಿಯುವುದು ಕಷ್ಟವಿತ್ತು. ಅವನು ಓಡಲಿಲ್ಲ."

"ಮತ್ತೆ? ಏನು ಮಾಡಿದ?" ಇನ್‌ಸ್ಪೆಕ್ಟರ್ ಕೇಳಿದರು.

"ತಂತಿ ಶ್ರುತಿ ಮಾಡಿದ. ಸ್ಪೀಕರಿಗೆ ಜೋಡಿಸಿ ಮೀಟಿ ನೋಡಿದ. ಹೊಸ ತಂತಿ ಉಳಿದವಕ್ಕಿಂತ ಜೋರಾಗಿ ಕೇಳಿಸಿತು. ಅದನ್ನು ಸಹಿಸಲಾಗಲಿಲ್ಲ. ಸ್ಕ್ರೂ ತಿರುಗಿಸಿ, ಆ ತಂತಿಯ ಅಡಿಯಲ್ಲಿ ಪಿಕಪ್ಪನ್ನು ಕೆಳಗಿಳಿಸಿದ. ಪಿಕಪ್ ತಂತಿಯಿಂದ ದೂರವಾದರೆ ದನಿ ತಗ್ಗುತ್ತದೆ. ನೋಡಿ, ಪಟ್ಟಿ ಒಂದು ಕಡೆ ವಾಲಿದೆ. ಪಕ್ಕದಲ್ಲಿ ಹೆಣ ಬಿದ್ದಿರುವಾಗ ನಾಲ್ಕೂ ತಂತಿಯ ದನಿ ಸಮ ಮಾಡಿ ಹೋದ ಮನುಷ್ಯ ಯಾರು?"

ಬಾಯಿ ಬಾಸನ್ನು ವಿಕಾಸನ ಕಡೆ ತಿರುಗಿಸಿದರು.

"ಕೀಬೋರ್ಡ್ ನುಡಿಸುವ ರಿತೇಶನಿಗೆ ತಂತಿ ಬದಲಿಸಲೇ ಬರುವುದಿಲ್ಲ. ವಿಕಾಸ್, ನೀನು ಪಿಕಪ್ ಮುಟ್ಟುತ್ತೀಯಾ?"

"ಇಲ್ಲ ಆಂಟಿ. ನಮ್ಮಲ್ಲಿ ಯಾರೂ ಮುಟ್ಟಲ್ಲ. ಅದೆಲ್ಲ—" ವಿಕಾಸನ ಕಣ್ಣು ಕಮಲಾಕ್ಷರ ಕಡೆ ಹೊರಳಿತು.

"ಮೊದಲ ದಿನ ತಂಗಿ ಅಳುತ್ತಿರುವಾಗ ನೀವು ಈ ರೇಡಿಯೊ ಸರಿಮಾಡಿದಿರಿ, ಕಮಲಾಕ್ಷರೆ. ಬಾಗಿಯವರು ಸಿಟ್ಟಾದರು. ನನಗೆ ಭಯವಾಯಿತು. ನಿನ್ನೆ ನಿಮ್ಮ ಗೋಡೆಯ ಮೇಲೆ ಧೂಳಿಲ್ಲದ ಒಂದೇ ಒಂದು ದಪ್ಪ ತಂತಿ ಕಂಡೆ. ಕುದಿಸಿ ತೊಳೆದದ್ದು. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ, ಅಲ್ವಾ?"

ಇನ್‌ಸ್ಪೆಕ್ಟರ್ ಆ ಸುರುಳಿಯನ್ನು ಮೇಜಿನ ಮೇಲಿಟ್ಟರು. ಬೆಳಿಗ್ಗೆಯೇ ತರಿಸಿದ್ದರು.

ಕಮಲಾಕ್ಷ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ವಾಪಸ್ ಕೊಡು ಅಂತ ಕೇಳಲಿಕ್ಕೆ ಹೋದದ್ದು. ಹಳೇ ತಂತಿ ಬಿಚ್ಚಿ ಹೊಸ ಸೆಟ್ ಹಾಕಲಿಕ್ಕೆ ಕೂತಿದ್ದ, ಅಂಗಡಿಯವನಿಗೆ ಚಂದ ಕಾಣಬೇಕಂತೆ. ದಪ್ಪದ್ದು ಬಿಚ್ಚಿ ಆಗಿತ್ತು. 'ಇದನ್ನು ಈಗ ಯಾರು ಬಾರಿಸ್ತಾರೆ ಅಂಕಲ್, ನೀವಾ?' ಅಂತ ನಗಾಡಿದ. ಆ ತಂತಿ ನನ್ನ ಕೈಗೆ ಹೇಗೆ ಬಂತು, ಗೊತ್ತಿಲ್ಲ. ಕೇಬಲ್ ರಿತೇಶನದ್ದು ಅಂತ ದೇವರಾಣೆ ನೋಡಲಿಲ್ಲ. ಅದನ್ನು ಅವನಿಗೆ ಮಾಡಿ ಕೊಟ್ಟವನೂ ನಾನೇ. ಅವನನ್ನು ಬಿಡಿಸಬೇಕು ಅಂತಲೇ ಇಲ್ಲಿಗೆ ಬಂದೆ. ನಾನೇ ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ."

ಜಯಲತಾ ಎದ್ದು ನಿಂತರು. ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆಯಲಿಲ್ಲ.

"ನನ್ನ ಮಗ ಒಳಗೆ ಇರುವಾಗ ದಿನಾ ನನ್ನ ಮನೆಯಲ್ಲಿ ಊಟ ಮಾಡಿದೆಯಲ್ಲ ಅಣ್ಣ. ನಾನು ಬಡಿಸಿದ್ದು. ಹೇಗೆ ಉಂಡೆ?"

ಇನ್‌ಸ್ಪೆಕ್ಟರ್ ಕಮಲಾಕ್ಷರ ತೋಳು ಹಿಡಿದು ಮೆಟ್ಟಿಲಿಳಿದರು. ಜಯಲತಾ ಮಗನನ್ನು ಕರೆತರಲು ಒಬ್ಬರೇ ಹೊರಟರು, ಅದೇ ಮೆಟ್ಟಿಲಲ್ಲಿ, ಅಣ್ಣ ಕಣ್ಣಿಗೆ ಬೀಳದಷ್ಟು ಹಿಂದೆ.

ನಾನು ರೇಡಿಯೊ ಹಾಕಿದೆ. ಎರಡೂ ಕಡೆಯಿಂದ ದನಿ ಒಂದೇ ಸಮನಾಗಿ ಬಂತು.

"ಬಂದ್ ಮಾಡಿ ಬಾಗಿ" ಎಂದರು ಬಾಯಿ.

ಬಂದ್ ಮಾಡಿದೆ.