ನೊರೆ ಬಾರದ ಹನ್ನೆರಡು ಟ್ಯೂಬು

ಸೋಮವಾರ ಬೆಳಗ್ಗೆ ಫ್ರೀಜರ್ ತೆರೆದಾಗ ಹನ್ನೆರಡು ಟ್ಯೂಬುಗಳ ಮುಚ್ಚಳವೂ ಮೇಲೆದ್ದಿತ್ತು. ಕಿರುಬೆರಳಿನಷ್ಟು ಟ್ಯೂಬುಗಳು. ಒಳಗಿನ ಮಂಜುಗಡ್ಡೆ ಬಾಯಿಂದ ಹೊರಕ್ಕೆ ಉಬ್ಬಿತ್ತು.

ಅವುಗಳಲ್ಲಿದ್ದದ್ದು ಮನುಷ್ಯನ ದೇಹದ ಒಂದು ಪ್ರೋಟೀನ್. ಕರುಳಿನ ಒಳಪದರದಲ್ಲಿ ಕೋಶಕ್ಕೂ ಕೋಶಕ್ಕೂ ನಡುವಿನ ಸಂದನ್ನು ಬಿಗಿಯುವಂಥದ್ದು. ಅದರ ಜೀನನ್ನು ಕೀಟದ ಕೋಶಗಳಿಗೆ ಸೇರಿಸಿ, ಬೆಳೆಸಿ, ಸೋಸಿ, ಏಳು ತಿಂಗಳು ಒದ್ದಾಡಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತಯಾರಿಸಿದ್ದಳು. ಗುರುವಾರ ಪರೀಕ್ಷಕರ ಎದುರು ಅವಳ ಕೊನೆಯ ಪ್ರಯೋಗ. ಅದಾಗದಿದ್ದರೆ ಡಾಕ್ಟರೇಟ್ ಇಲ್ಲ.

"ಶನಿವಾರ ಬಾಗಿಲು ಹಾಕದೇ ಹೋಗಿದಾಳೆ. ಭಾನುವಾರ ನಾನೇ ಬಂದು ಮುಚ್ಚಿದೆ. ಎಲ್ಲ ಕರಗಿ, ಕೆಟ್ಟು, ಮತ್ತೆ ಹೆಪ್ಪುಗಟ್ಟಿದೆ. ಇವಳನ್ನ ತೆಗೆದುಹಾಕಿ ಅಂತ ವರದಿ ಬರೆದುಬಿಡು," ಎಂದರು ವಿಭಾಗದ ಮುಖ್ಯಸ್ಥರು.

ಈ ಮಹಾನುಭಾವರು ನನ್ನ ಅಕ್ಕನ ಗಂಡ. ನಾನು ಸಂಸ್ಥೆಯ ಭದ್ರತಾ ಅಧಿಕಾರಿ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ. ತನಿಖೆ ನನಗೇ ಕೊಡಿ ಎಂದು ಇವರೇ ಹಟ ಹಿಡಿದಿದ್ದರಂತೆ. ಮನೆಯವಳು, ಹೇಳಿದ ಕಡೆ ಸಹಿ ಹಾಕುತ್ತಾಳೆ ಎಂಬ ಧೈರ್ಯ. ನನ್ನನ್ನು ಅಷ್ಟು ಅಗ್ಗ ಅಂದುಕೊಂಡರಲ್ಲ ಎಂದು ಮೈಯೆಲ್ಲ ಉರಿಯಿತು.

"ಬಾಗಿಲು ಹಾಕಿದ್ಯಾ?" ಹುಡುಗಿಯನ್ನು ಕೇಳಿದೆ.

"ಹಾಕಿದ್ದೆ ಮೇಡಂ. ಎರಡು ಸಲ ಎಳೆದು ನೋಡಿದ್ದೆ."

* * *

ಫ್ರೀಜರಿನ ಕೀಲಿ ಇದ್ದದ್ದು ಮೂವರ ಹತ್ತಿರ. ವಿದ್ಯಾರ್ಥಿನಿ, ಭಾವ, ಲ್ಯಾಬಿನ ಹಿರಿಯ ಸಹಾಯಕ. ಸಹಾಯಕ ಹೋದ ವಾರವಷ್ಟೇ ಅವಳ ಜೊತೆ ಕಿತ್ತಾಡಿದ್ದ.

"ಜಗಳ ಆಡಿದ್ದು ನಿಜ ಮೇಡಂ. ಯಂತ್ರ ಒರೆಸದೇ ಹೋಗ್ತಾಳೆ. ಅದಕ್ಕೆ ಏಳು ತಿಂಗಳ ಕೆಲಸ ಹಾಳು ಮಾಡ್ಲಾ? ನನಗೇನು ತಲೆ ಕೆಟ್ಟಿದ್ಯಾ?"

ಮಾತಾಡುತ್ತಲೇ ಒಂದು ಟ್ಯೂಬನ್ನು ಕರಗಿಸಿ, ಅರ್ಧ ಚೆಲ್ಲಿ, ಅಲ್ಲಾಡಿಸಿದ. ಹುಬ್ಬು ಗಂಟಿಕ್ಕಿತು.

"ನೊರೆ ಬರ್ತಿಲ್ಲ."

"ಬರ್ಬೇಕಾ?"

"ಈ ಪ್ರೋಟೀನ್ ಬರೀ ನೀರಲ್ಲಿ ಕರಗಿ ನಿಲ್ಲಲ್ಲ. ಸೋಪಿನ ಥರದ್ದೊಂದು ಬೆರೆಸಿರ್ತೀವಿ. ಪ್ರೋಟೀನ್ ಕೆಟ್ಟರೂ ನೊರೆ ಬಂದೇ ಬರುತ್ತೆ. ಇದು ನೀರು ಮೇಡಂ."

* * *

"ಹಾಗಾದ್ರೆ ಇವಳೇ ಕದ್ದಿದಾಳೆ," ಎಂದರು ಭಾವ. ಒಂದು ಸುಳ್ಳು ಬಿದ್ದ ಕೂಡಲೇ ಇನ್ನೊಂದು ಸಿದ್ಧ. ನಾಚಿಕೆ ಎಂಬುದು ಈ ಮನುಷ್ಯನ ಹತ್ತಿರವೂ ಸುಳಿದಿಲ್ಲ.

"ಮೂವರೂ ಒಂದೊಂದು ಟ್ಯೂಬಿಗೆ ನೀರು ಹಾಕಿ. ಫ್ರೀಜರಿಗೆ ಇಡೋ ಹಾಗೆ," ಎಂದೆ.

ಹುಡುಗಿ ಮುಕ್ಕಾಲು ತುಂಬಿಸಿದಳು. ಸಹಾಯಕನೂ ಅಷ್ಟೇ. ಭಾವ ಪಿಪೆಟ್ ಹಿಡಿಯುವುದಕ್ಕೇ ತಡಕಾಡಿದರು. ಕೈಕೆಲಸವೇ ನನ್ನ ಉಸಿರು ಎಂದು ಸಭೆ ಸಭೆಯಲ್ಲೂ ಕೊಚ್ಚಿಕೊಳ್ಳುವವರು. ಟ್ಯೂಬನ್ನು ಬಾಯಿಮಟ್ಟ ತುಂಬಿಸಿ ಮುಚ್ಚಳ ಒತ್ತಿದರು.

"ನೀವಿಬ್ಬರೂ ಜಾಗ ಯಾಕೆ ಬಿಟ್ರಿ?"

"ಹೆಪ್ಪುಗಟ್ಟಿದ್ರೆ ಉಬ್ಬುತ್ತಲ್ಲ ಮೇಡಂ. ಮುಚ್ಚಳ ಏಳುತ್ತೆ. ಮೊದಲನೇ ವಾರಾನೇ ಕಲಿಸ್ತಾರೆ," ಎಂದಳು ಹುಡುಗಿ.

"ಭಾವ, ಆ ಹನ್ನೆರಡೂ ಬಾಯಿಮಟ್ಟ ಇದ್ವು. ಮುಕ್ಕಾಲು ಇದ್ದದ್ದು ಕರಗಿ ಮತ್ತೆ ಹೆಪ್ಪುಗಟ್ಟಿದ್ರೂ ಮುಕ್ಕಾಲೇ ಇರುತ್ತೆ. ದಿನಾ ಈ ಕೆಲಸ ಮಾಡೋರು ಹಾಗೆ ತುಂಬಲ್ಲ. ಕೀಲಿ ಇರೋರಲ್ಲಿ ಇದು ಗೊತ್ತಿಲ್ಲದವರು ನೀವೊಬ್ಬರೇ. ಭಾನುವಾರ ಬಂದಿದ್ದೆ ಅಂತ ನೀವೇ ಹೇಳಿದ್ರಿ."

ಹುಡುಗಿಯತ್ತ ತಿರುಗಿದೆ. "ಗುರುವಾರ ಏನು ತೋರಿಸ್ತಿದ್ದೆ?"

"ಈ ಪ್ರೋಟೀನ್ ಹಾಕಿದ್ರೆ ಸೋರೋ ಕರುಳಿನ ಪದರ ಬಿಗಿಯಾಗುತ್ತೆ ಅಂತ ಸರ್ ಲೇಖನ ಬರೆದಿದಾರೆ. ಅದರಿಂದಲೇ ಅವರಿಗೆ ಹೆಸರು. ನಾನು ಎರಡು ಸಲ ಮಾಡಿ ನೋಡ್ದೆ. ಆಗಲ್ಲ."

"ಪ್ರೋಟೀನ್ ಎಲ್ಲಿ ಭಾವ?"

"ಸಿಂಕಿಗೆ ಸುರಿದೆ," ಎಂದರು ಮೆಲ್ಲಗೆ. "ನಿಮ್ಮಕ್ಕನ ಮುಖ ನೋಡಾದ್ರೂ ಇಲ್ಲಿಗೆ ಬಿಡು."

"ಅಕ್ಕನಿಗೂ ಒಂದು ಪ್ರತಿ ಕಳಿಸ್ತೀನಿ."

ವರದಿ ಸಂಜೆಯೊಳಗೆ ನಿರ್ದೇಶಕರ ಮೇಜಿಗೆ ಹೋಯಿತು. ಭಾವನಿಂದ ಕೀಲಿ ಕಿತ್ತುಕೊಂಡರು. ಹುಡುಗಿಯ ಪರೀಕ್ಷೆಗೆ ಇನ್ನೂ ಏಳು ತಿಂಗಳ ಗಡುವು ಸಿಕ್ಕಿತು. ಅವಳು ಆಗಲೇ ಕೋಟು ತೊಟ್ಟು ಹೊಸ ಕೋಶಗಳನ್ನು ಬೆಳೆಯಲು ಇಡುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತರು. ಕ್ಷಮೆ ಕೇಳುತ್ತಾರೇನೋ ಅಂದುಕೊಂಡೆ. ನನ್ನ ದಡ್ಡತನ.

"ನಿನ್ನ ಲೇಖನದಲ್ಲಿ ನನ್ನ ಹೆಸರು ಇರುತ್ತಲ್ಲಮ್ಮ?"

ಹುಡುಗಿ ಕೆಲಸದಿಂದ ತಲೆ ಎತ್ತಲಿಲ್ಲ.

"ಇರುತ್ತೆ ಸರ್. ಯಾರ ಮಾತು ಸುಳ್ಳು ಅಂತ ಬರೀಬೇಕಲ್ಲ."