ಗುಲ್ಷನ್‌ಗೆ ಇಲ್ಲದ ರಜೆ

“ಕೈಗೇನಾತ್ರಿ, ಅಮ್ಮಾ?”

ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ ರುದ್ರಾಣಿ ಗಕ್ಕನೆ ನಿಂತಳು. ಬಿಳಿ ಅಂಗಿಯ ಅಪರಿಚಿತನೊಬ್ಬ ಮಂಜುಳಮ್ಮನ ಎದುರು ನಿಂತು, ಅವಳ ಬಲಗೈಯ ಬ್ಯಾಂಡೇಜಿನಾಚೆ ಇಣುಕುತ್ತಿದ್ದ ಸುಟ್ಟ ಗೆರೆಯನ್ನೇ ನೋಡುತ್ತಿದ್ದ.

“ಏನಿಲ್ಲ ಸಾರ್... ಮನೇಲಿ ಬಿಸಿನೀರು ಬಿತ್ತು.” ಮಂಜುಳಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬಿಸಿನೀರು ಹಿಂಗ ನೆಟ್ಟಗ ಗೆರಿ ಎಳದಂಗ ಸುಡತೈತೇನ್ರಿ? ಇದು ಓವನ್ ಟ್ರೇ ಅಂಚು ತಾಗಿದಂಗ ಐತಲ್ಲ...”

“ಯಾರ್ರೀ ನೀವು?”

ರುದ್ರಾಣಿಯ ದನಿಗೆ ಬಿಸ್ಕತ್ತು ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು.

ಅವನು ತಿರುಗಿದ. ಶಾಂತವಾದ ಕಣ್ಣು. ಅದೇ ಅವಳಿಗೆ ಹಿಡಿಸಲಿಲ್ಲ.

“ವಿರೂಪಾಕ್ಷ ಅಂತ್ರಿ. ಲೇಬರ್ ಲಾ ಕನ್ಸಲ್ಟೆಂಟ್. ರಜೆ ಪಾಲಿಸಿ ಬರ್ಯಾಕ ಅಬ್ರಾರ್ ಸಾಹೇಬ್ರು ಕರ್ಸ್ಯಾರ.”

“ರಜೆಗೂ ಇವರ ಮನೆ ಬಿಸಿನೀರಿಗೂ ಏನ್ ಸಂಬಂಧ?”

“ಐತೋ ಇಲ್ಲೋ ಅಂತನ ಕೇಳಾಕತ್ತಿದ್ದೆ.”

“ಕೇಳೋದಿದ್ರೆ ನನ್ನ ಕೇಳಿ. ಇಲ್ಲಿ ಹಾಜರಿ, ಸಂಬಳ ನೋಡೋಳು ನಾನು.”

ಅವನು ನಕ್ಕ. ರುದ್ರಾಣಿ ನಗಲಿಲ್ಲ.

‘ಬಂದ ಮೊದಲ ದಿನವೇ ಇವನ ಕಣ್ಣು ಸರಿಯಾಗಿ ಅಲ್ಲಿಗೇ ಹೋಯಿತಲ್ಲ!’

ಅದು 2004ರ ಮಾತು. ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹಿಂದಿನ ಆ ಬೇಕರಿಯಲ್ಲಿ ಅಲ್ಲಿಯವರೆಗೆ ರಜೆಗೆ ನಿಯಮ ಎಂಬುದೇ ಇರಲಿಲ್ಲ. ಶಿವಾಜಿನಗರದ ಒಂದು ಅಂಗಡಿಯಿಂದ ಶುರುಮಾಡಿದ ಧಣಿ ಇನಾಯತ್ ಉಲ್ಲಾ ಸಾಹೇಬರ ಮುಂದೆ ಹೋಗಿ ನಿಂತರೆ ಸಾಕಿತ್ತು. “ಜಾ ಬೇಟಿ, ಹೋಗ್ಬಾ,” ಎನ್ನುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಈಗ ಮಗ ಅಬ್ರಾರ್. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದರ ಕ್ಯಾಂಟೀನ್ ಆರ್ಡರ್ ಕೈಗೆ ಬರುವುದರಲ್ಲಿತ್ತು. ಆ ಕಂಪನಿಯದು ಒಂದೇ ಷರತ್ತು: ಕೆಲಸಗಾರರ ರಜೆ ಕಾನೂನಿನ ಪ್ರಕಾರ ಬರಹದಲ್ಲಿ ಇರಬೇಕು.

ಬರಹ ಎಂದರೆ ರುದ್ರಾಣಿಗೆ ಭಯ.

ಮೂರು ವರ್ಷದ ಹಿಂದೆ ಅವಳು ಇಂದಿರಾನಗರದ ಒಂದು ಕಚೇರಿಯಲ್ಲಿದ್ದಳು. ಗಂಡ ಹಳೇ ಮದ್ರಾಸ್ ರಸ್ತೆಯ ಅಪಘಾತದಲ್ಲಿ ಹೋದ. ಊರಿನಲ್ಲಿ ಕಾರ್ಯ ಮುಗಿಸಿ, ಇನ್ನೂ ನೆಟ್ಟಗೆ ನಿಲ್ಲಲಾಗದ ಸ್ಥಿತಿಯಲ್ಲಿ ವಾಪಸ್ಸಾದಾಗ ಅವಳ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ನಿಯಮದಲ್ಲಿ ಅಂಥ ರಜೆ ಇಲ್ಲವಂತೆ. ಆ ನಿಯಮ ಬರೆದ ಮನುಷ್ಯ ಅಂತ್ಯಕ್ರಿಯೆಗೆ ದೊಡ್ಡ ಹಾರ ಕಳಿಸಿದ್ದ!

ಅಂದಿನಿಂದ ಅವಳು ಹೆಚ್ಚು ಮಾತಾಡುವುದನ್ನು ಬಿಟ್ಟಿದ್ದಳು. ಬಾಣಸವಾಡಿಯ ಬಾಡಿಗೆ ಕೋಣೆ, ಬಸ್ಸು, ಬೇಕರಿ. ಅಷ್ಟೇ.

ಈಗ ಅವಳೇ ಒಂದು ಸುಳ್ಳನ್ನು ಕಾಯುತ್ತಿದ್ದಳು.

ಪ್ಯಾಕಿಂಗಿನ ಗುಲ್ಷನ್‌ಳ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳೀಗ ಇದ್ದತ್‌ನಲ್ಲಿ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಪದ್ಧತಿ ಅದು. ಹೊಸ ಧಣಿಯ ಮುಂದೆ ಹೋಗಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪ್ಯಾಕಿಂಗಿನ ಹೆಂಗಸರೇ ಒಂದು ದಾರಿ ಮಾಡಿಕೊಂಡರು. ಒಬ್ಬೊಬ್ಬರಿಗೆ ಒಂದೊಂದು ದಿನ ವಾರದ ರಜೆ. ಅವರವರ ರಜೆಯ ದಿನ ಬಂದು, ಯಂತ್ರದಲ್ಲಿ ಗುಲ್ಷನ್‌ಳ ಹಾಜರಿ ಕಾರ್ಡು ಒತ್ತಿ, ಅವಳ ಬದಲು ದುಡಿಯುವುದು. ಗುಲ್ಷನ್‌ಳ ಮನೆಗೆ ಸಂಬಳ ತಪ್ಪಲಿಲ್ಲ.

ರುದ್ರಾಣಿ ಕಂಡೂ ಕಾಣದಂತಿದ್ದಳು. ಇಲ್ಲ, ಅದೂ ಸುಳ್ಳು. ಯಾರು ಯಾವ ದಿನ ಎಂದು ಹಂಚಿಕೊಟ್ಟವಳೇ ಅವಳು!

ಮಂಜುಳಮ್ಮನ ಕೈ ಸುಟ್ಟಿದ್ದು ಅಂಥ ಒಂದು ದಿನ. ಲೆಕ್ಕದ ಪ್ರಕಾರ ಅವಳು ಅವತ್ತು ಹಲಸೂರಿನ ತನ್ನ ಮನೆಯಲ್ಲಿದ್ದಳು. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಗೆ ಕಳಿಸುವಂತಿಲ್ಲ. ಕಳಿಸಿದರೆ ಎಲ್ಲವೂ ಬಯಲು. ರುದ್ರಾಣಿಯೇ ಖಾಸಗಿ ಡಾಕ್ಟರ ಬಳಿ ಕರೆದೊಯ್ದಿದ್ದಳು.

ಮಾರನೆಯ ದಿನದಿಂದ ವಿರೂಪಾಕ್ಷ ಅವಳ ಮೇಜಿನ ಎದುರಿಗೇ ಕೂರತೊಡಗಿದ.

“ಇಪ್ಪತ್ತು ದಿನ ದುಡಿದ್ರ ಒಂದು ದಿನ ಗಳಿಕೆ ರಜೆ. ಇಲ್ಲಿ ಯಾರಿಗೂ ಕೊಟ್ಟಂಗಿಲ್ಲಲ್ರಿ?”

“ಕೇಳಿದಾಗ ಕೊಡ್ತಿದ್ವಿ.”

“ಕೇಳಲಾರದವರಿಗೆ?”

ಅವಳು ಹಾಜರಿ ಪುಸ್ತಕದ ಹಾಳೆ ಮಗುಚಿದಳು.

ಅವನು ಮಧ್ಯಾಹ್ನ ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ಅವಳತ್ತ ಸರಿಸಿದ. “ಧಾರವಾಡದಿಂದ ಅವ್ವ ಕಳ್ಸ್ಯಾಳ. ಖಾರ ಐತಿ, ನಿಮಗ ಹೊಂದತೈತಿ.”

“ಅಂದ್ರೆ?”

“ಸಿಟ್ಟಿನವರಿಗೆ ಖಾರ ಹೊಂದತೈತಂತ ನಮ್ಮವ್ವ ಅಂತಾಳ್ರಿ.”

ಮಂಜುಳಮ್ಮ ಬಾಗಿಲಾಚೆ ಕಿಸಕ್ಕನೆ ನಕ್ಕಳು. ರುದ್ರಾಣಿಗೂ ತುಟಿಯಂಚು ಸಡಿಲವಾಯಿತು. ತಕ್ಷಣ ಬಿಗಿದುಕೊಂಡಳು.

‘ಹಾರ ಕಳಿಸಿದವನೂ ಹೀಗೇ ಒಳ್ಳೆಯ ಮಾತಾಡುತ್ತಿದ್ದ...’

ಚಟ್ನಿಯ ಡಬ್ಬಿ ಹಾಗೇ ವಾಪಸ್ಸು ಹೋಯಿತು.

ವಾರ ಕಳೆದಿರಬೇಕು. ಕಾರ್ಡುಗಳನ್ನು ನೋಡುತ್ತಿದ್ದವನು ತಲೆಯೆತ್ತಿದ.

“ಈ ಗುಲ್ಷನ್ ಅನ್ನೋರು ಮನುಷ್ಯಾರೇನ್ರಿ?”

ರುದ್ರಾಣಿ ಟೀ ಲೋಟ ಕೆಳಗಿಟ್ಟಳು. “ಯಾಕೆ?”

“ಎರಡು ತಿಂಗಳಿಂದ ಒಂದಿನಾನೂ ತಪ್ಪಿಲ್ಲ. ಎಲ್ಲಾರಿಗೂ ವಾರದ ರಜೆ ಐತಿ, ಇವರಿಗೆ ಅದೂ ಇಲ್ಲ!”

ಏಳು ದಿನಕ್ಕೆ ಏಳು ಹೆಂಗಸರು! ಪಾಪ, ಒಂದು ದಿನವೂ ಖಾಲಿ ಹೋಗಬಾರದೆಂದು ಹಂಚಿಕೊಂಡಿದ್ದರು. ಗುಲ್ಷನ್‌ಗೂ ಒಂದು ವಾರದ ರಜೆ ಇರಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ರುದ್ರಾಣಿಗೂ!

“ಕಷ್ಟದಲ್ಲಿದ್ದಾಳೆ. ರಜೆ ಬೇಡ ಅಂದ್ಲು.”

“ಅವರನ್ನ ಕರೀರಿ. ಎರಡು ಮಾತು ಆಡ್ತೀನಿ.”

“ಈಗ... ಹುಷಾರಿಲ್ಲ.”

“ಹುಷಾರಿಲ್ಲ, ಆದ್ರ ಕಾರ್ಡ್ ಒತ್ಯಾರ?” ಅವನ ದನಿ ಮೆತ್ತಗಾಯಿತು. “ರುದ್ರಾಣಿ ಅವರ... ನನಗ ಹೇಳ್ರಿ. ಏನಂಬೋದು ಗೊತ್ತಾದ್ರ—”

“ನಿಮ್ಮ ಕೆಲಸ ಪಾಲಿಸಿ ಬರೆಯೋದು. ಬರೀರಿ. ಪೊಲೀಸ್ ಕೆಲಸ ಯಾಕೆ?”

ಅವಳು ಎದ್ದು ಹೋಗಿ ಬಾಗಿಲು ಎಳೆದುಕೊಂಡಳು. ಮಾರನೆಯ ದಿನವೂ ಅವನು ಮಾತಾಡಿಸಲು ಬಂದ. ಅವಳು ಕಣ್ಣೆತ್ತಲಿಲ್ಲ.

ಭಾನುವಾರ ಹಣ್ಣು ತೆಗೆದುಕೊಂಡು ಗುಲ್ಷನ್‌ಳನ್ನು ನೋಡಲು ಶಿವಾಜಿನಗರಕ್ಕೆ ಹೋದಳು. ಮಸೀದಿಯ ಪಕ್ಕದ ಗಲ್ಲಿಗೆ ತಿರುಗಿದವಳು ಅಲ್ಲೇ ಕಲ್ಲಾದಳು.

ಗುಲ್ಷನ್‌ಳ ಮನೆಯ ಮೆಟ್ಟಿಲಿಳಿದು ವಿರೂಪಾಕ್ಷ ಬರುತ್ತಿದ್ದ!

ಅವಳು ಗಾಡಿಯೊಂದರ ಹಿಂದೆ ಸರಿದು ನಿಂತಳು. ಅವನು ದಾಟಿ ಹೋದ.

ಒಳಗೆ ಬಾಗಿಲಿಗೆ ಕಟ್ಟಿದ ಪರದೆಯ ಹಿಂದೆ ಗುಲ್ಷನ್ ಕೂತಿದ್ದಳು. ರುದ್ರಾಣಿಯನ್ನು ನೋಡಿದ್ದೇ ಅತ್ತುಬಿಟ್ಟಳು.

“ಅಕ್ಕಾ, ಅವರು ಪರದೆ ಆಚೇನೇ ನಿಂತಿದ್ರು. ಅಮ್ಮಿ ಜೊತೆ ಮಾತಾಡಿದ್ರು. ಗಂಡ ಯಾವತ್ತು ಹೋದ್ರು, ನನ್ನ ಬದಲು ಯಾರು ಕೆಲಸ ಮಾಡ್ತಾರೆ ಅಂತ ಕೇಳಿದ್ರು.”

“ನೀನು...?”

“ಹೇಳ್ಬಿಟ್ಟೆ ಅಕ್ಕಾ. ಈ ದಿನಗಳಲ್ಲಿ ಸುಳ್ಳು ಹೇಳೋಕೆ ನಾಲಿಗೆ ಬರ್ಲಿಲ್ಲ... ನನ್ನ ಕೆಲಸ ಹೋಗುತ್ತಾ? ಮಂಜುಳಮ್ಮಂದೂ?”

“ಯಾರ್ದೂ ಹೋಗಲ್ಲ,” ಎಂದಳು ರುದ್ರಾಣಿ. ಹೋಗುವುದಾದರೆ ಯಾರದು ಹೋಗಬೇಕೆಂದು ಆಗಲೇ ನಿರ್ಧರಿಸಿಯಾಗಿತ್ತು.

ಆದರೆ ಅವಳನ್ನು ಸುಟ್ಟದ್ದು ಕೆಲಸದ ಚಿಂತೆಯಲ್ಲ. ‘ಮೆತ್ತಗೆ ಮಾತಾಡಿ, ಹಿಂದಿನಿಂದ ಬಂದನಲ್ಲ! ಒಂದು ಕ್ಷಣ... ಒಂದೇ ಕ್ಷಣ ನಾನು ನಂಬಬಹುದೇನೋ ಅಂದುಕೊಂಡಿದ್ದೆನಲ್ಲ!’

ಸೋಮವಾರ ಅಬ್ರಾರ್‌ನ ಕೋಣೆಯಲ್ಲಿ ಕರಡು ಓದುವುದಿತ್ತು. ವಿರೂಪಾಕ್ಷ ಫೈಲು ತೆರೆಯುವ ಮೊದಲೇ ರುದ್ರಾಣಿ ಎದ್ದು ನಿಂತಳು.

“ಸಾರ್, ಇವರು ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ.”

“ರುದ್ರಾಣಿ ಅವರ, ತಡೀರಿ...”

“ಬೇಡ. ನಿಮ್ಮ ಬಾಯಿಂದ ಕೇಳೋಕೆ ನನಗೆ ಇಷ್ಟ ಇಲ್ಲ.”

ಹೇಳಿದಳು. ಗುಲ್ಷನ್, ಕಾರ್ಡು, ವಾರದ ರಜೆ, ಸುಟ್ಟ ಕೈ. ಒಂದನ್ನೂ ಬಿಡಲಿಲ್ಲ.

ಅಬ್ರಾರ್ ಬಾಯಿ ತೆರೆದುಕೊಂಡೇ ಕೂತಿದ್ದ. “ಅಂದ್ರೆ ಗುಲ್ಷನ್ ಇಲ್ಲಿ ಇಲ್ವಾ? ಬೆಸ್ಟ್ ವರ್ಕರ್ ಅಂತ ಆಕೆಗೆ ಮಿಕ್ಸಿ ಕೊಡ್ಬೇಕು ಅಂತಿದ್ದೆನಲ್ರೀ ನಾನು!” ಆಮೇಲೆ ಮುಖ ಕೆಂಪಾಯಿತು. “ಇದು ಮೋಸ ಕಣ್ರೀ! ಆರ್ಡರ್ ಕೊಡೋರಿಗೆ ಗೊತ್ತಾದ್ರೆ?”

“ಮೋಸ ನಂದು. ಅವರದಲ್ಲ. ರಾಜೀನಾಮೆ ಕೊಡ್ತೀನಿ. ಗುಲ್ಷನ್‌ನ ಮಾತ್ರ ಬಿಡಬೇಡಿ ಸಾರ್.”

“ವಿರೂಪಾಕ್ಷ, ನಿಮಗಿದು ಗೊತ್ತಿತ್ತಾ?”

“ಗೊತ್ತಿತ್ರಿ. ಕಡೇ ಪುಟ ನೋಡ್ರಿ.”

ಅಬ್ರಾರ್ ಓದಿದ. ಓದುತ್ತ ಓದುತ್ತ ಅವನ ದನಿ ಇಳಿಯಿತು. ಗಂಡನನ್ನು ಕಳೆದುಕೊಂಡ ಯಾವ ಕೆಲಸಗಾರ್ತಿಗೇ ಆಗಲಿ, ಧರ್ಮ ಯಾವುದೇ ಇರಲಿ, ನಾಲ್ಕು ತಿಂಗಳು ಹತ್ತು ದಿನ ಅವಳ ಕೆಲಸ ಅವಳಿಗೇ ಮೀಸಲು. ಮೊದಲ ತಿಂಗಳು ಪೂರ್ತಿ ಸಂಬಳ. ಉಳಿದ ದಿನಗಳಿಗೆ ಅರ್ಧ. ಇದಲ್ಲದೆ, ಕಾನೂನು ಕೊಡುವುದಕ್ಕಿಂತ ಹೆಚ್ಚಿಗೆ ಕಂಪನಿ ಕೊಡುವ ರಜೆಯನ್ನು ಜೊತೆಯವರು ಬೇಕಾದರೆ ಅವಳಿಗೆ ದಾನ ಮಾಡಬಹುದು.

“ಇದನ್ನ ಯಾವ ಕಾನೂನು ಹೇಳುತ್ತೆ?”

“ಯಾವುದೂ ಹೇಳಂಗಿಲ್ರಿ. ಇಷ್ಟಕ್ಕಿಂತ ಕಡಿಮಿ ಕೊಡಬ್ಯಾಡ್ರಿ ಅಂತೈತಿ ಕಾನೂನು. ಜಾಸ್ತಿ ಕೊಡಬ್ಯಾಡ್ರಿ ಅಂತ ಎಲ್ಲೂ ಅನ್ನಂಗಿಲ್ಲ.” ವಿರೂಪಾಕ್ಷ ರುದ್ರಾಣಿಯ ಕಡೆ ನೋಡಿದ. “ಆದ್ರ ವಾರದ ರಜೆ ಬಿಟ್ಟುಕೊಡಂಗಿಲ್ಲ. ಇನ್ನೊಬ್ಬರ ಕಾರ್ಡ್ ಒತ್ತಂಗಿಲ್ಲ. ಮಂಜುಳಮ್ಮನ ಕೈ ನಾಳೆ ಮಡಚಲಾರದಂಗಾದ್ರ ಇಎಸ್‌ಐನವರು ಏನಂತಾರ? ನೀವು ಮನಿಯಾಗ ಇದ್ರಿ ಅಂತಾರ. ಅದಕ್ಕ ಕೇಳಿದೆ ನಾನು, ಮೊದಲ ದಿನಾನ.”

ರುದ್ರಾಣಿ ಮತ್ತೆ ಕುರ್ಚಿಯಲ್ಲಿ ಕೂತಳು. ಗುಲ್ಷನ್‌ಳನ್ನು ಉಳಿಸುವ ಭರದಲ್ಲಿ ತಾನು ಮಂಜುಳಮ್ಮನನ್ನು ಎಲ್ಲಿ ನಿಲ್ಲಿಸಿಬಿಟ್ಟಿದ್ದಳು!

ಅಬ್ರಾರ್ ಕಿಟಕಿಯ ಕಡೆ ತಿರುಗಿ ಕೂತಿದ್ದ. “ಅಬ್ಬಾ ಹೋದಾಗ ಅಮ್ಮಿ ಇದ್ದತ್ ಕೂತಿದ್ದು ನಾನೇ ನೋಡಿದೀನಿ,” ಎಂದ ಕೊನೆಗೆ. “ನಮ್ಮ ಬೇಕರೀಲೇ ಒಬ್ಬಳು ಕೂತಿದ್ದಾಳೆ... ನನಗೆ ಹೇಳೋಕೆ ಯಾರಿಗೂ ಧೈರ್ಯ ಬರ್ಲಿಲ್ವಾ?”

ಅವನು ಫೈಲನ್ನು ವಿರೂಪಾಕ್ಷನತ್ತ ಸರಿಸಿದ.

“ಹಾಕಿ ಇದನ್ನ. ಮಂಜುಳಮ್ಮನ ವಿಷಯ ಇದ್ದಿದ್ದನ್ನ ಇದ್ದಂಗೇ ಬರೆದು ಇಎಸ್‌ಐಗೆ ಕಳಿಸಿ. ದಂಡ ಬಿದ್ರೆ ಕಟ್ಟೋಣ. ಮತ್ತೆ ರುದ್ರಾಣಿ ಮೇಡಂ, ನಿಮಗೆ ರಾಜೀನಾಮೆ ಗೀಜಿನಾಮೆ ಇಲ್ಲ. ಒಂದು ಮೆಮೋ ಇದೆ. ತಗೊಳ್ಲೇಬೇಕು!”

“ತಗೋತೀನಿ ಸಾರ್,” ಎಂದಳು. ಕಣ್ಣು ತುಂಬಿಬಂದಿತ್ತು.

ಸಂಜೆ ಹೊರಡುವಾಗ ಮಂಜುಳಮ್ಮ ಅಡ್ಡ ಬಂದಳು. “ಮೇಡಂ, ಆ ಸಾರ್ ಬಸ್ ಸ್ಟಾಪಲ್ಲಿ ನಿಂತವ್ರೆ. ಬಂದ ಬಸ್ಸೆಲ್ಲಾ ಬಿಡ್ತಾವ್ರೆ. ನಂಬರ್ ಓದೋಕೆ ಬರಲ್ವೋ ಏನೋ, ಸ್ವಲ್ಪ ಹೇಳ್ಕೊಡಿ!”

“ಸುಮ್ನಿರೇ!”

ಟಿನ್ ಫ್ಯಾಕ್ಟರಿಯ ಗದ್ದಲದ ನಡುವೆ ಅವನು ನಿಂತಿದ್ದ. ಅವಳು ಹೋಗಿ ಸ್ವಲ್ಪ ದೂರದಲ್ಲಿ ನಿಂತಳು.

“ಮೊದಲೇ ಹೇಳಬಹುದಿತ್ತಲ್ಲ ನೀವು?”

“ಬಂದಿದ್ನಲ್ರಿ. ಬಾಗಲಾ ಹಾಕಿದ್ರಿ.”

ಹೌದು. ಹಾಕಿದ್ದಳು. “ತಪ್ಪಾಯ್ತು,” ಎಂದಳು ಮೆಲ್ಲಗೆ.

“ಒಂದು ಮಾತು ಕೇಳ್ಲೇನ್ರಿ?”

“ಕೇಳಿ.” ಮತ್ತೆ ಅದೇ ಎಚ್ಚರ ಮೈಯಲ್ಲಿ.

“ನಿಮ್ಮ ಮನಿಯವರು ತೀರಿಕೊಂಡಿದ್ದು ಮಂಜುಳಮ್ಮ ಹೇಳಿದ್ರು. ಅವರ ಹೆಸರೇನಿತ್ತು?”

ಅವಳು ತಿರುಗಿ ನೋಡಿದಳು. ಹೇಗೆ ಹೋದರು, ವಿಮೆ ಬಂತಾ, ಮುಂದೇನು... ಎಲ್ಲವನ್ನೂ ಜನ ಕೇಳಿದ್ದರು. ಹೆಸರನ್ನು ಯಾರೂ ಕೇಳಿರಲಿಲ್ಲ.

“ಸಿದ್ಧಲಿಂಗೇಶ...”

ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ. ತನ್ನ ಬಾಯಲ್ಲೇ ಅದು ಹೊಸದಾಗಿ ಕೇಳಿಸಿತು. ಮೂರು ವರ್ಷದಿಂದ ಹೆಪ್ಪುಗಟ್ಟಿದ್ದೆಲ್ಲ ಒಮ್ಮೆಲೇ ಕರಗಿತು. ರಸ್ತೆಯಲ್ಲೇ, ಅಷ್ಟು ಜನರ ನಡುವೆ, ಅವಳು ಅತ್ತಳು. ಅವನು ಸಮಾಧಾನದ ಮಾತೇನೂ ಹೇಳಲಿಲ್ಲ. ಜನರ ಕಣ್ಣು ಬೀಳದಂತೆ ಅಡ್ಡವಾಗಿ ನಿಂತ, ಅಷ್ಟೇ.

“ಯಾಕೆ ಕೇಳಿದ್ರಿ?” ಎಂದಳು ಸೆರಗಿನಿಂದ ಮುಖ ಒರೆಸಿಕೊಂಡು.

“ನಿಮ್ಮನ್ನ ಮದುವಿ ಆಗಬೇಕಂತ ಐತ್ರಿ ನನಗ. ಅವರ ಬಗ್ಗೆ ತಿಳೀದ ನಿಮ್ಮನ್ನ ಹ್ಯಾಂಗ ಕೇಳ್ಲಿ?”

ಅವಳು ಅವನ ಮುಖದಲ್ಲಿ ಹುಡುಕಿದಳು. ಮರೆಮಾಚಿದ್ದು ಏನಾದರೂ ಇರಲೇಬೇಕು... ಎಷ್ಟು ಹುಡುಕಿದರೂ ಸಿಗಲಿಲ್ಲ.

“ನನಗೆ ಅನುಮಾನ ಜಾಸ್ತಿ. ದಿನಾ ಏನಾದ್ರೂ ಕೇಳ್ತೀನಿ.”

“ಕೇಳ್ರಿ.”

“ಬೇಜಾರಾಗುತ್ತೆ ನಿಮಗೆ.”

“ಬ್ಯಾಸರಾದ್ರ ಹೇಳ್ತೀನಿ.”

ಬಾಣಸವಾಡಿಯ ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ನೋಡಿದಳು.

“ಬನ್ನಿ. ಸೀಟು ಖಾಲಿ ಇದೆ... ಅವರಿಗೆ ಹಾಡೋಕೆ ಬರ್ತಿರ್ಲಿಲ್ಲ. ಆದ್ರೂ ಬೆಳಿಗ್ಗೆ ಎದ್ದು ಜೋರಾಗಿ ಹಾಡೋರು. ಪಕ್ಕದ ಮನೆಯವರು ಬೈಯೋರು!”

ವಿರೂಪಾಕ್ಷ ಅವಳ ಪಕ್ಕದಲ್ಲಿ ಕೂತ.

“ಹೇಳ್ರಿ,” ಎಂದ. “ಏನು ಹಾಡ್ತಿದ್ರು?”