ಹಸಿಮಣ್ಣಿನ ಬಿಲ್ಲೆ

ಕಲ್ಲಿಗೂ ಕಿವಿಯಿದ್ದ ಕಾಲವದು. ಏಳು ಹೊಳೆಗಳ ಆಚೆ ತೊರೆನಾಡು ಅಂತ ಒಂದು ರಾಜ್ಯ. ಅದನ್ನಾಳುತ್ತಿದ್ದವಳು ಬೊಮ್ಮಲಾದೇವಿ ಎಂಬ ರಾಣಿ. ಇಪ್ಪತ್ತೆರಡರ ಹುಡುಗಿ, ಪಟ್ಟಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಹೆತ್ತ ತಾಯಿ ಬಾಣಂತನದಲ್ಲೇ ಕಣ್ಣು ಮುಚ್ಚಿದ್ದಳು. ಹಾಲೂಡಿಸಿ, ಎತ್ತಿ ಆಡಿಸಿ ಬೆಳೆಸಿದವಳು ಅರಮನೆಗೆ ಸೀರೆ ನೇಯುವ ಹೊಂಬವ್ವ. ರಾಣಿಯಾದ ಮೇಲೂ ಬೊಮ್ಮಲಾದೇವಿ ಅವಳನ್ನು ಕರೆಯುತ್ತಿದ್ದುದು ಅವ್ವಾ ಅಂತಲೇ.

ತೊರೆನಾಡಿನಲ್ಲಿ ಒಂದು ರೂಢಿಯಿತ್ತು. ಪ್ರತಿ ಮನೆಯ ಒಲೆಯ ಕೆಳಗೂ ಒಂದು ಕುಡಿಕೆ ಹೂತಿರುತ್ತಿತ್ತು. ಎದೆ ಝಲ್ಲೆಂದ ದಿನ ಕೈಯಲ್ಲಿದ್ದ ನಾಣ್ಯವನ್ನೆಲ್ಲ ಅದರೊಳಗೆ ಹಾಕಿ, ಮಣ್ಣು ಮುಚ್ಚಿ, ಮೇಲೆ ಸಗಣಿ ಸಾರಿಸಿ, ಏನೂ ಆಗಿಲ್ಲದವರ ಹಾಗೆ ಮುದ್ದೆ ತೊಳಸುತ್ತಾ ಕೂತುಬಿಡುವುದು. ಒಂದು ಮನೆಯವರು ಹೆದರಿ ಹೀಗೆ ಮಾಡಿದರೆ ಯಾರಿಗೇನು ನಷ್ಟ ಹೇಳಿ? ಅರಮನೆಯ ಒಲೆಯ ಕೆಳಗೂ ಒಂದು ಹಿರಿಕುಡಿಕೆಯಿತ್ತು. ಏಳು ತಲೆಮಾರಿನಿಂದ ಅದರ ಬಾಯಿ ತೆಗೆದವರಿಲ್ಲ. ಅದರ ತುಂಬ ಹೊನ್ನಿದೆ ಅಂತ ನಾಡಿಗೆ ನಾಡೇ ನಂಬಿತ್ತು. “ಹಿರಿಕುಡಿಕೆ ಇರೋ ತನಕ ನಮಗೇನು ಬಿಡಪ್ಪ” ಅಂತ ಜನ ನಿಶ್ಚಿಂತೆಯಾಗಿದ್ದರು.

ಹೀಗಿರಲು ಒಂದು ಸಂತೆಯ ದಿನ ಪಿಸುಮಾಯ ಎಂಬ ಮಾಟಗಾರ ಕುರುಡು ಹೇಸರಗತ್ತೆ ಏರಿ ಊರಿಗೆ ಬಂದ. ಕತ್ತಿ ಹಿರಿಯಲಿಲ್ಲ, ಬೆಂಕಿ ಉಗುಳಲಿಲ್ಲ. ಎಣ್ಣೆ ಮಾರುವವನ ಕಿವಿಯಲ್ಲಿ ಒಂದು ಮಾತು, ಬಟ್ಟೆ ಮಾರುವವನ ಕಿವಿಯಲ್ಲಿ ಅದೇ ಮಾತು, ಅಕ್ಕಸಾಲಿಯ ಕಿವಿಯಲ್ಲಿ ಮತ್ತೆ ಅದೇ ಮಾತು. “ನಾಳೆ ಕೊಳ್ಳೋರು ಯಾರೂ ಬರಲ್ಲ. ಇರೋದನ್ನ ಇವತ್ತೇ ಬಚ್ಚಿಟ್ಕೋ.”

ಅಷ್ಟೇ. ಹೊತ್ತು ಮುಳುಗುವುದರೊಳಗೆ ಊರಿನ ಕುಡಿಕೆಗಳೆಲ್ಲ ತುಂಬಿದವು. ಮಾರನೆಯ ದಿನ ನಿಜವಾಗಿಯೂ ಕೊಳ್ಳುವವರು ಬರಲಿಲ್ಲ. ಬರುವುದಾದರೂ ಎಲ್ಲಿಂದ? ನಾಣ್ಯವೆಲ್ಲ ಒಲೆಯ ಕೆಳಗಿತ್ತಲ್ಲ! ಅವನು ಹೇಳಿದ್ದು ಸುಳ್ಳು, ಅದನ್ನು ನಿಜ ಮಾಡಿದವರು ಇವರೇ.

ಮೂರನೆಯ ದಿನ ನೆಲದೊಳಗಿಂದ ಸದ್ದು ಕೇಳಿಸತೊಡಗಿತು. ಕರ, ಕರ, ಕರ. ಪಿಸುಮಾಯ ಸಾಕಿದ ಹೆಗ್ಗಣವದು. ಹೂತಿಟ್ಟ ಹೊನ್ನೇ ಅದರ ಆಹಾರ. ಒಂದು ಕುಡಿಕೆ ತಿಂದರೆ ನಾಯಿಯಷ್ಟು, ಹತ್ತು ತಿಂದರೆ ಎಮ್ಮೆಯಷ್ಟು, ನೂರು ತಿಂದರೆ ಮನೆಯಷ್ಟು ಬೆಳೆಯುವುದು. ಮೇಲೆ ಇನ್ನೊಂದು ಘೋರ ಶುರುವಾಯಿತು. ಕೆಲಸವಿಲ್ಲದೆ ಕೂತವರ ಕೈ ಕಲ್ಲಾಗತೊಡಗಿತು. ಬಟ್ಟೆ ಕೊಳ್ಳುವವರಿಲ್ಲ ಅಂತ ಮಗ್ಗ ನಿಂತಿತು, ನೇಕಾರನ ಕೈ ಕಲ್ಲಾಯಿತು. ನೇಕಾರ ಗಡಿಗೆ ಕೊಳ್ಳಲಿಲ್ಲ, ಕುಂಬಾರನ ತಿಗುರಿ ನಿಂತಿತು, ಅವನ ಕೈಯೂ ಕಲ್ಲಾಯಿತು. ಮೊದಲು ಉಗುರು, ಆಮೇಲೆ ಮಣಿಕಟ್ಟು, ಆಮೇಲೆ ತೋಳು. ಎದೆ ಮುಟ್ಟಿದರೆ ಜೀವ ಹೋಯಿತು. ಹೊಲದಲ್ಲಿ ಬೆಳೆಯಿತ್ತು, ಕಂಬಗಳ ಮೇಲೆ ಎತ್ತಿ ಕಟ್ಟಿದ ಅರಮನೆಯ ಕಣಜದಲ್ಲಿ ರಾಗಿ ತುಂಬಿ ತುಳುಕುತ್ತಿತ್ತು. ಆದರೂ ಜನ ಹಸಿದು, ಕಲ್ಲಾಗಿ ಸಾಯುತ್ತಿದ್ದರು. ಇದಕ್ಕಿಂತ ಹೊಟ್ಟೆ ಉರಿಸುವುದು ಇನ್ನೇನಿದೆ!

ರಾಣಿ ಮೊದಲು ಮಾಡಿದ್ದು ರಾಜರೆಲ್ಲ ಮಾಡುವುದನ್ನೇ. ನೂರು ಜನ ಈಟಿಯವರನ್ನು ಹೆಗ್ಗಣದ ಬಿಲದೊಳಗೆ ಕಳಿಸಿದಳು. ಬಗ್ಗಿದ ಈಟಿಗಳನ್ನು ಬಿಲದಲ್ಲೇ ಬಿಟ್ಟು ಅವರು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದರು. ಬಂದವರೇ ಮನೆಗೆ ಹೋಗಿ ತಮ್ಮ ಸಂಬಳ ಹೂತಿಟ್ಟರು. ಹೆಗ್ಗಣ ಇನ್ನಷ್ಟು ಬೆಳೆಯಿತು.

ಎರಡನೆಯ ಸಲ ಮಂತ್ರಿ ಕೇತರಸನನ್ನು ಕೇಳಿದಳು. ಕೇತರಸ ಕೆಟ್ಟವನಲ್ಲ, ತಲೆ ನರೆತ ಎಚ್ಚರದ ಮನುಷ್ಯ. “ಕಷ್ಟಕಾಲದಲ್ಲಿ ಕೈ ಬಿಗಿ ಹಿಡಿಯಬೇಕು ದೇವಿ. ಬೊಕ್ಕಸದ ಬಾಗಿಲಿಗೆ ಸೀಸ ಹೊಯ್ಸಿ. ಕಣಜಕ್ಕೆ ಬೀಗ ಹಾಕಿಸಿ. ಅರಮನೆ ಕೆಲಸದವರ ಕೂಲಿ ನಿಲ್ಲಿಸಿ. ನಿಮ್ಮ ಅಜ್ಜಂದಿರೂ ಹೀಗೇ ಮಾಡ್ತಿದ್ದರು” ಅಂದ. ರಾಣಿ ಹೂಂ ಅಂದು ಮುದ್ರೆ ಒತ್ತಿದಳು.

ಸೀಸ ಹೊಯ್ದ ಬೊಕ್ಕಸವೆಂದರೆ ನಾಡಿನ ಎಲ್ಲಕ್ಕಿಂತ ದೊಡ್ಡ ಕುಡಿಕೆ ತಾನೆ! ಹೆಗ್ಗಣ ಕೆಳಗಿಂದ ಕೊರೆದು ಅಷ್ಟನ್ನೂ ನುಂಗಿತು. ಎಂಟನೆಯ ದಿನ ಮಟಮಟ ಮಧ್ಯಾಹ್ನ ಮೂಡಣ ಗೋಪುರ ಕಾವಲುಗಾರರ ಸಮೇತ ನೆಲದೊಳಗೆ ಕುಸಿದುಹೋಯಿತು. ನೋಡಲು ಓಡಿದ ರಾಣಿಗೆ ದಾರಿಯಲ್ಲಿ ಹೊಂಬವ್ವನ ಮಗ್ಗದ ಕೋಣೆ ಸಿಕ್ಕಿತು. ಒಳಗೆ ಸದ್ದಿಲ್ಲ. ಹೊಂಬವ್ವ ಅರ್ಧ ನೇಯ್ದ ಸೀರೆಯ ಮುಂದೆ ಕೂತಿದ್ದಳು. ಎರಡೂ ಕೈ ಮೊಣಕೈತನಕ ಬೂದುಗಲ್ಲು.

“ಅವ್ವಾ! ಯಾವಾಗಿಂದ ಹೀಗೆ?”

“ಕೂಲಿ ನಿಂತ ದಿನದಿಂದ ಮಗಾ. ನೂಲು ತರೋಕೆ ಕಾಸಿಲ್ಲ, ಮಗ್ಗ ನಿಂತಿತು. ನೀನು ಏನೋ ಯೋಚನೆ ಮಾಡೇ ಮಾಡಿರ್ತೀಯ ಅಂದ್ಕೊಂಡೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೊಮ್ಮಲಾದೇವಿ ಆ ಕಲ್ಲಿನ ಕೈಗಳನ್ನು ಹಿಡಿದು ಗಳಗಳ ಅತ್ತಳು. ತನ್ನ ತಲೆ ಬಾಚಿದ ಕೈ, ತುತ್ತಿಟ್ಟ ಕೈ! ತಾನೇ ಒತ್ತಿದ ಮುದ್ರೆಯಿಂದ ಕಲ್ಲಾಗಿತ್ತು. ಅಮಾವಾಸ್ಯೆಗೆ ಐದು ದಿನವಿತ್ತು. ಕಲ್ಲು ಏರುತ್ತಿದ್ದ ಲೆಕ್ಕದಲ್ಲಿ ಅಷ್ಟರೊಳಗೆ ಅವ್ವನ ಎದೆ ಮುಟ್ಟುತ್ತಿತ್ತು.

ಮೂರನೆಯ ಸಲ ಅವಳು ಯಾರನ್ನೂ ಕಳಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ಪಂಜು ಹಿಡಿದು ಗೋಪುರ ಕುಸಿದ ಹೊಂಡಕ್ಕೆ ತಾನೇ ಇಳಿದಳು. ಸೊಂಟದ ಚೀಲದಲ್ಲಿ ಉಳಿದಿದ್ದ ಒಂದೇ ಒಂದು ನಾಣ್ಯವನ್ನು, ಯಾಕೆಂದು ಅವಳಿಗೂ ಗೊತ್ತಿಲ್ಲ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಬಿಲದ ತುಂಬ ಕೊಳೆತ ಉಸಿರಿನ ನಾತ.

“ಬಾ ತಾಯಿ, ಬಾ” ಅಂದಿತು ಕತ್ತಲು. ಪಿಸುಮಾಯ ಹೆಗ್ಗಣದ ಹೆಗಲ ಮೇಲೆ ಕೂತಿದ್ದ. “ನನ್ನ ಮರಿಗೆ ಹೊಟ್ಟೆ ತುಂಬಾ ಉಣ್ಣಿಸಿದ ಪುಣ್ಯಾತ್ಗಿತ್ತಿ ನೀನು. ಅಮಾವಾಸ್ಯೆ ದಿನ ಇದು ಮೇಲೆ ಬರುತ್ತೆ, ಊರನ್ನೇ ನುಂಗುತ್ತೆ. ಅಗೋ, ಅಲ್ಲಿ ನೋಡು, ನಿಮ್ಮ ಹಿರಿಕುಡಿಕೆ!”

ಪಂಜಿನ ಬೆಳಕಿನಲ್ಲಿ ರಾಣಿ ನೋಡಿದಳು. ಬಿಲದ ಮಾಡಿನಲ್ಲಿ ಹಿರಿಕುಡಿಕೆಯ ಬುಡ ಕಾಣುತ್ತಿತ್ತು. ಬುಡಕ್ಕೆ ದೊಡ್ಡ ತೂತು. ಒಳಗೆ ಜೇಡರ ಬಲೆ.

“ನಿನ್ನ ಮುತ್ತಜ್ಜನ ಕಾಲಕ್ಕೇ ಖಾಲಿ” ಅಂತ ಪಿಸುಮಾಯ ಕಿಸಕ್ಕನೆ ನಕ್ಕ. “ಹೋಗು, ನಿನ್ನ ಜನಕ್ಕೆ ಹೇಳು. ಆ ಗಳಿಗೆಯಲ್ಲೇ ಎಲ್ಲರ ಎದೆ ಕಲ್ಲಾಗುತ್ತೆ.”

ಹೆಗ್ಗಣ ಮೂಸುತ್ತಾ ಹತ್ತಿರ ಬಂತು. ಅದರ ಮೂಗು ಅವಳ ಮುಷ್ಟಿಗೆ ತಾಕಿತು. ಮುಗಿಯಿತು ನನ್ನ ಕತೆ ಅಂತ ಅವಳು ಕಣ್ಣು ಮುಚ್ಚಿದಳು. ಮರುಕ್ಷಣ ಕಿರ್ರೆಂಬ ಚೀರಾಟ! ಬೆಂಕಿ ಮುಟ್ಟಿದ ಹಾಗೆ ಹೆಗ್ಗಣ ಹಿಂದಕ್ಕೆ ಜಿಗಿದಿತ್ತು, ಮೂಗಿನ ತುದಿ ಸುಟ್ಟಿತ್ತು. ಬೊಮ್ಮಲಾದೇವಿ ಮುಷ್ಟಿ ಬಿಚ್ಚಿ ನೋಡಿದಳು. ಹೆದರಿ ಬೆವರಿದ ಅಂಗೈಯಲ್ಲಿ ನಾಣ್ಯ ಬಿಸಿಯಾಗಿತ್ತು. ಹೂತು ತಣ್ಣಗಾದದ್ದನ್ನು ಮಾತ್ರ ಇದು ತಿನ್ನಬಲ್ಲದು, ಮನುಷ್ಯರ ಕೈಯ ಬಿಸಿಯನ್ನು ಇದು ತಡೆಯಲಾರದು ಅಂತ ಅವಳಿಗೆ ಹೊಳೆಯಿತು. ಬಿದ್ದು ಎದ್ದು ಹೊಂಡ ಹತ್ತಿದಳು.

ಮೇಲೆ ಕೇತರಸ ಕಾಯುತ್ತಿದ್ದ. ವಿಷಯ ಕೇಳಿ ಅವನ ಮುಖ ಬಿಳಿಚಿತು. “ಕೈಮುಗೀತೀನಿ ದೇವಿ, ಹಿರಿಕುಡಿಕೆ ಖಾಲಿ ಅಂತ ಮಾತ್ರ ಜನಕ್ಕೆ ಹೇಳಬೇಡಿ.”

“ನನ್ನ ಕೈಲಿ ಅವರಿಗೆ ಕೊಡೋಕೆ ಹೊನ್ನಿಲ್ಲ, ಮಂತ್ರಿಗಳೇ. ನಿಜವನ್ನಾದರೂ ಕೊಡ್ತೀನಿ.”

ನಾಲ್ಕು ದಿನ ಉಳಿದಿತ್ತು. ಡಂಗುರ ಹೊಡೆಸಿ, ಊರನ್ನೆಲ್ಲ ಕಣಜದ ಮುಂದಿನ ಬಯಲಿಗೆ ಕರೆಸಿದಳು. ಕಲ್ಲುಗೈಯವರು, ಕಲ್ಲುತೋಳಿನವರು ಕಾಲೆಳೆಯುತ್ತಾ ಬಂದರು. ರಾಣಿ ಹಿರಿಕುಡಿಕೆಯನ್ನು ಅಗೆಸಿ ತಂದಿದ್ದಳು. ಎರಡೂ ಕೈಯಲ್ಲಿ ಅದನ್ನೆತ್ತಿ ಹಿಡಿದಳು. ಬುಡದ ತೂತಿನಿಂದ ಆಕಾಶ ಕಾಣಿಸಿತು.

ಹೆಂಗಸೊಬ್ಬಳು “ಅಯ್ಯೋ, ಹೋಯ್ತಲ್ಲಪ್ಪೋ” ಅಂತ ಕಿರುಚಿದಳು. ಕಾಲ ಕೆಳಗೆ ನೆಲ ಅದುರಿತು.

“ಕೇಳಿ!” ಅಂದಳು ಬೊಮ್ಮಲಾದೇವಿ. “ನನಗೂ ಭಯವೇ. ಭಯಪಟ್ಟೇ ಬೊಕ್ಕಸ ಮುಚ್ಚಿಸಿದೆ, ಕೂಲಿ ನಿಲ್ಲಿಸಿದೆ. ಅದು ನನ್ನ ತಪ್ಪು. ಈ ಕುಡಿಕೆ ನನ್ನ ಮುತ್ತಜ್ಜನ ಕಾಲದಿಂದ ಖಾಲಿ. ಅಷ್ಟು ವರ್ಷ ನಿಮ್ಮ ಮಗ್ಗ ನಡೆಸಿದ್ದು ಯಾರು? ಗಾಣ ತಿರುಗಿಸಿದ್ದು ಯಾರು? ಇದರೊಳಗಿನ ಹೊನ್ನಂತೂ ಅಲ್ಲ. ಇದರೊಳಗೆ ಜೇಡ ಇತ್ತು!”

ಹಿಂದೆ ಯಾರೋ ಒಬ್ಬರು ನಕ್ಕರು. ನಕ್ಕದ್ದಕ್ಕೆ ಅವರಿಗೇ ಗಾಬರಿಯಾಯಿತು.

ರಾಣಿ ಕಣಜದ ಬೀಗ ಒಡೆಸಿದಳು. ಅಷ್ಟಕ್ಕೇ ಬಿಡದೆ ಬಾಗಿಲನ್ನೇ ಕೀಳಿಸಿ ಹಾಕಿದಳು. “ಕೆರೆಯ ಹೂಳು ಎತ್ತೋಣ. ಆ ಹೂಳಿನಿಂದ ಈ ದರಿದ್ರ ಬಿಲ ಮುಚ್ಚೋಣ. ಕೆಲಸ ಮಾಡಿದವರಿಗೆ ಸಂಜೆ ಒಂದು ಬಿಲ್ಲೆ” ಅಂದು ಸೆರಗಿನಿಂದ ಒಂದನ್ನು ತೆಗೆದು ತೋರಿಸಿದಳು. ಕೆರೆಯ ಮಣ್ಣಿನದು, ಸುಟ್ಟದ್ದಲ್ಲ, ಬರೀ ನೆರಳಲ್ಲಿ ಆರಿಸಿದ್ದು. ನಡುವೆ ಅವಳ ಉಂಗುರದ ಗುರುತು. “ಇದನ್ನು ತಂದವರಿಗೆ ಇಲ್ಲಿ ಒಂದು ಕೊಳಗ ರಾಗಿ. ಬೇಡವೆಂದರೆ ಎಣ್ಣೆಗೆ ಕೊಡಿ, ಬಟ್ಟೆಗೆ ಕೊಡಿ, ಗಡಿಗೆಗೆ ಕೊಡಿ. ಹೂತಿಡೋಕೆ ಮಾತ್ರ ಹೋಗಬೇಡಿ. ಹಸಿಮಣ್ಣು, ನೆಲದ ತೇವಕ್ಕೆ ಕರಗಿಹೋಗುತ್ತೆ.”

ಯಾರೂ ಮುಂದೆ ಬರಲಿಲ್ಲ. ಮಣ್ಣು ಕೊಟ್ಟು ಬಾಯಿಗೆ ಮಣ್ಣು ಹಾಕ್ತಾಳೆ ಅಂತ ಒಬ್ಬ ಗೊಣಗಿದ. ನೆಲ ಮತ್ತೆ ಅದುರಿತು, ಕರ, ಕರ, ಕರ.

ಆಗ ಜನ ಸರಿದು ದಾರಿ ಬಿಟ್ಟರು. ಹೊಂಬವ್ವ ಬರುತ್ತಿದ್ದಳು. ಕಲ್ಲು ಮೊಣಕೈ ದಾಟಿ ತೋಳು ಏರಿತ್ತು. ಉಸಿರಿಗೊಮ್ಮೆ ಅವಳು ನಿಲ್ಲುತ್ತಿದ್ದಳು.

“ಸೀರೆ ಅರ್ಧ ನೇಯ್ದಿದ್ದೀನಲ್ಲ, ಅದರ ಕೂಲಿ ಬರಬೇಕಿತ್ತು” ಅಂದಳು ಎಲ್ಲರಿಗೂ ಕೇಳುವ ಹಾಗೆ. “ಕೊಡಿ ರಾಣಿಯೋರೇ.”

ರಾಣಿ ಬಿಲ್ಲೆಯನ್ನು ಆ ಕಲ್ಲಂಗೈಯ ಮೇಲಿಟ್ಟಳು. ಹೊಂಬವ್ವ ಬಿಲ್ಲೆಯನ್ನೇ ನೋಡಿದಳು.

“ನನಗೆ ಕೈ ಮುಚ್ಚೋಕೆ ಬರಲ್ಲ. ಬಚ್ಚಿಡಬೇಕು ಅಂದ್ರೂ ಆಗಲ್ಲ ನೋಡಿ” ಅಂದವಳೇ ನೂಲು ಮಾರುವ ಕದಿರಯ್ಯನ ಮುಂದೆ ನಿಂತಳು. “ತಗೋಳಪ್ಪ. ಒಂದು ಲಡಿ ನೂಲು ಕೊಡು. ನನ್ನ ಮಗ್ಗ ಕಾಯ್ತಾ ಇದೆ.”

ಕದಿರಯ್ಯ ಬಿಲ್ಲೆ ನೋಡಿದ. ಬಾಗಿಲಿಲ್ಲದ ಕಣಜ ನೋಡಿದ. ತೂತುಬಿದ್ದ ಕುಡಿಕೆ ನೋಡಿದ. ಕೊನೆಗೆ “ಆಗಲಿ ಬಿಡವ್ವ, ನಿನ್ನನ್ನ ನಂಬದೆ ಇನ್ಯಾರನ್ನ ನಂಬಲಿ” ಅಂದು ಕೈಯೊಡ್ಡಿದ. ಬಿಲ್ಲೆ ಅವನ ಅಂಗೈಗೆ ಬಿತ್ತು. ಹೊಂಬವ್ವನ ಕಿರುಬೆರಳು ಮೆಲ್ಲಗೆ ಅಲುಗಿತು.

ಕದಿರಯ್ಯ ಆ ಬಿಲ್ಲೆ ಕೊಟ್ಟು ಎಣ್ಣೆ ಕೊಂಡ. ಎಣ್ಣೆಯವನು ಗಡಿಗೆ ಕೊಂಡ. ಕುಂಬಾರನ ಮಣಿಕಟ್ಟಿನಿಂದ ಕಲ್ಲು ಚಕ್ಕೆ ಚಕ್ಕೆಯಾಗಿ ಉದುರಿತು. ಆ ಸಂಜೆಯೇ ಇನ್ನೂರು ಜನ ಕೆರೆಗೆ ಇಳಿದರು, ಮರುದಿನ ಎರಡು ಸಾವಿರ. ಕಣಜದ ಬಾಗಿಲೇ ಹೂಳು ಹೊರುವ ಹಲಗೆಯಾಯಿತು. ಕೆಲವರು ಅಭ್ಯಾಸಬಲದಿಂದ ಬಿಲ್ಲೆಯನ್ನೂ ಕುಡಿಕೆಯಲ್ಲಿಟ್ಟರು, ಬೆಳಿಗ್ಗೆ ನೋಡಿದರೆ ಕೆಸರು. ನೆರೆಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಕೆಳಗೆ ಹೆಗ್ಗಣಕ್ಕೆ ಸಿಕ್ಕಿದ್ದು ಕೆಸರಷ್ಟೇ. ಹಸಿದು ಹಸಿದು ಅದು ಮನೆಯಿಂದ ಎಮ್ಮೆಯಾಯಿತು, ಎಮ್ಮೆಯಿಂದ ನಾಯಿಯಾಯಿತು. ಅಮಾವಾಸ್ಯೆಯ ದಿನ ಮೇಲೆ ಬಂದದ್ದು ಅಂಗೈಯಷ್ಟು ಪ್ರಾಣಿ. ಅದನ್ನು ಅರಮನೆಯ ಬೆಕ್ಕು ಕಚ್ಚಿಕೊಂಡು ಹೋಯಿತು.

ಪಿಸುಮಾಯನೂ ಹೊರಬಂದ. ಒಬ್ಬರ ಕಿವಿಗೆ ಬಗ್ಗಿದ, ಇನ್ನೊಬ್ಬರ ಕಿವಿಗೆ ಬಗ್ಗಿದ. “ಸರಿಯಯ್ಯಾ ಆಚೆ, ಬುಟ್ಟಿ ತಾಗುತ್ತೆ” ಅಂದರು ಎಲ್ಲರೂ. ಕೇಳುವವರಿಲ್ಲದೆ, ಮಾಡಲು ಬೇರೆ ಕೆಲಸವೂ ಬಾರದೆ ಅವನು ಕೆರೆ ದಂಡೆಯಲ್ಲಿ ಕೂತ. ಕೂತಲ್ಲೇ ಉಗುರಿನಿಂದ ನೆತ್ತಿತನಕ ಕಲ್ಲಾದ. ಆ ಕಲ್ಲಿನ ಮೇಲೆ ಊರಿನ ಹೆಂಗಸರು ಬಟ್ಟೆ ಒಗೆದರು.

ತಿಂಗಳು ಕಳೆಯಿತು. ಹೊಂಬವ್ವ ನೇಯ್ದು ಮುಗಿಸಿದ ಸೀರೆ ಹಿಡಿದು ಅರಮನೆಗೆ ಬಂದಳು.

“ಚೆನ್ನಾಗಿದೆ ಅವ್ವಾ” ಅಂದಳು ರಾಣಿ.

“ಚೆನ್ನಾಗಿದೆ ಅಂದ್ರೆ ಆಯ್ತಾ? ಉಳಿದರ್ಧದ ಕೂಲಿ ಕೊಡು ಮಗಾ” ಅಂತ ಹೊಂಬವ್ವ ಕೈ ಚಾಚಿದಳು.

ಬೊಮ್ಮಲಾದೇವಿ ಆ ಅಂಗೈಯ ಮೇಲೆ ಬಿಲ್ಲೆ ಇಟ್ಟಳು. ಇಟ್ಟ ಕೈಯನ್ನು ಬೇಗ ಹಿಂದಕ್ಕೆ ತೆಗೆಯಲಿಲ್ಲ. ಅವ್ವನ ಕೈ ಬೆಚ್ಚಗಿತ್ತು.

ತೊರೆನಾಡಿನವರು ಉಂಡುಟ್ಟು, ಕೊಟ್ಟು ಕೊಂಡು, ಬಹುಕಾಲ ಸುಖವಾಗಿದ್ದರು. ಕತೆ ನನ್ನ ಕೈ ದಾಟಿತು. ಇನ್ನು ನಿಮ್ಮ ಕೈಯಲ್ಲಿ ತಣ್ಣಗಾಗದಿರಲಿ.